‘ಚಾರ್ಜು’ ಎಂಬ ಒಂದು ಮಾತು, ಅದರ ಅನೇಕ ಅರ್ಥಗಳು



ಇಂಗ್ಲಿಷು ಭಾಷೆಯನ್ನು ಪಾಠಶಾಲೆಯಲ್ಲಿ ಕಲಿಯದವರು ಸಹ ಆ ಭಾಷೆಯ ಕೆಲವು ಮಾತುಗಳನ್ನು ದಿನಾಲು ಆಡುತ್ತಾರೆ. ಅವುಗಳಲ್ಲಿ ‘ಚಾರ್ಜು’ ಎಂಬದು ಒಂದು. ಬಸ್ಸಿನ ಕಂಡಕ್ಟರನು ಚಾರ್ಜು ಕೇಳುವನು. ಮಗನು ಮೊಬೈಲನ್ನು ಚಾರ್ಜಿಗೆ ಇಡುವನು. ಹೊಸದಾಗಿ ಬಂದ ಮಾಸ್ತರರು ಶಾಲೆಯ ಚಾರ್ಜು ವಹಿಸಿಕೊಳ್ಳುವರು. ಪೇಟೆಯಲ್ಲಿ ಲಾಠಿ ಚಾರ್ಜು ಆಯಿತೆಂದು ವರ್ತಮಾನಪತ್ರದಲ್ಲಿ ಓದುವೆವು. ಯಾರ ಮೇಲೆಯೋ ಚಾರ್ಜ್ ಶೀಟು ಹಾಕಿದರೆಂದು ಸಂತೆಯಲ್ಲಿ ಕೇಳುವೆವು. ಮಾತು ಒಂದೇ ಆಗಿದೆ. ಆದರೆ ಒಂದು ಕಡೆಯಲ್ಲಿ ಅದು ಹಣ, ಇನ್ನೊಂದು ಕಡೆಯಲ್ಲಿ ವಿದ್ಯುತ್ತು, ಮತ್ತೊಂದು ಕಡೆಯಲ್ಲಿ ಹೊಣೆ, ಬೇರೊಂದು ಕಡೆಯಲ್ಲಿ ಪೆಟ್ಟು, ಕಡೆಯದರಲ್ಲಿ ಆಪಾದನೆ.

ಇದನ್ನು ತಿಳಿಯುವದರಿಂದ ನಮಗೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರವಾಗಿ ಒಂದು ದೃಷ್ಟಾಂತವನ್ನು ಹೇಳುವೆವು. ಒಬ್ಬ ರೈತನ ಮನೆಗೆ ಒಂದೇ ವಾರದಲ್ಲಿ ಮೂರು ಇಂಗ್ಲಿಷು ಕಾಗದಗಳು ಬಂದವೆಂದು ಭಾವಿಸಿರಿ. ಒಂದು ಬ್ಯಾಂಕಿನಿಂದ ಬಂದದ್ದು. ಎರಡನೆಯದು ಅವನ ಹೊಲದ ವಿಷಯವಾದದ್ದು. ಮೂರನೆಯದು ಅವನ ಹಿರೇ ಮಗನ ವ್ಯಾಜ್ಯದ ವಿಷಯವಾಗಿ ವಕೀಲರು ಬರೆದದ್ದು. ಅವನು ಮೂರನ್ನೂ ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು, ಕೆಲಸದಿಂದ ನಿವೃತ್ತರಾದ ಮಾಸ್ತರರ ಜಗಲಿಗೆ ಬರುತ್ತಾನೆ.

“ಮಾಸ್ತರರೇ, ಈ ಮೂರರಲ್ಲಿಯೂ ಚಾರ್ಜು ಎಂದು ಬರೆದದೆಯಂತೆ. ಹುಡುಗರು ಓದಿ ಹೇಳಿದರು. ಒಟ್ಟಿಗೆ ಎಷ್ಟು ಹಣ ಕಟ್ಟಬೇಕೋ ನೋಡಿ ಹೇಳಿರಿ.”

“ಯಜಮಾನರೇ, ಮೊದಲು ಕುಳಿತುಕೊಳ್ಳಿರಿ. ಹಣ ಕೇಳುವದು ಮೊದಲನೇ ಕಾಗದ ಮಾತ್ರ. ಎರಡನೆಯದು ನಿಮ್ಮ ಹೊಲದ ಮೇಲೆ ಇರುವ ಭಾರವನ್ನು ತಿಳಿಸುತ್ತದೆ. ಮೂರನೆಯದು ನಿಮ್ಮ ಮಗನ ಮೇಲೆ ಹೊರಿಸಿದ ಆಪಾದನೆಯನ್ನು ತಿಳಿಸುತ್ತದೆ.”

“ಹಾಗಾದರೆ ಅವನು ತಪ್ಪು ಮಾಡಿದನೆಂದು ತೀರ್ಪಾಯಿತೋ?”

“ಇಲ್ಲ, ಯಜಮಾನರೇ, ತೀರ್ಪಾಗಲಿಲ್ಲ. ಹೊರಿಸಿದ್ದಾರೆ, ಅಷ್ಟೇ. ಹೊರಿಸುವದು ಬೇರೆ, ತೀರ್ಪು ಬೇರೆ.”

ವಾಚಕರೇ, ಆ ಮುದುಕನ ಗಾಬರಿಯನ್ನು ಯೋಚಿಸಿರಿ. ಒಂದು ಮಾತಿನ ಅರ್ಥವನ್ನು ತಿಳಿಯದವನು ಕೊಡಬಾರದ ಹಣವನ್ನು ಕೊಟ್ಟಾನು, ಭಾರವುಳ್ಳ ಭೂಮಿಯನ್ನು ಭಾರವಿಲ್ಲದ್ದೆಂದು ಕೊಂಡಾನು, ತೀರ್ಪಾಗುವದಕ್ಕೆ ಮುಂಚೆಯೇ ಸ್ವಂತ ಮಗನನ್ನು ಅಪರಾಧಿಯೆಂದು ಎಣಿಸಾನು. ಆದಕಾರಣ ಈ ಮಾತನ್ನು ಅದರ ಬೇರಿನಿಂದ ತೊಡಗಿ ಪರಿಶೋಧಿಸುವ.

1. ಮಾತಿನ ಹುಟ್ಟು

ಪೂರ್ವಕಾಲದಲ್ಲಿ ಯೂರೋಪಿನ ಗಾಲ್ ಎಂಬ ಜನರು ತಮ್ಮ ಬಂಡಿಗೆ ಹೇಳುತ್ತಿದ್ದ ಹೆಸರನ್ನು ರೋಮಿನವರು ಕಲಿತು, ತಮ್ಮ ಲತೀನು ಭಾಷೆಯಲ್ಲಿ ‘ಕಾರ್ರುಸ್’ ಎಂದು ಆಡಿದರು. ಈ ಹೆಸರಿನಿಂದ ಕಾಲಾಂತರದಲ್ಲಿ ‘ಕಾರ್ರಿಕಾರೆ’ ಎಂಬ ಕ್ರಿಯಾಪದ ಉಂಟಾಯಿತು. ಅದರ ಅರ್ಥ ಬಂಡಿಗೆ ಸರಕು ಹೇರುವದು. ಫ್ರೆಂಚರ ಬಾಯಲ್ಲಿ ಅದು ಸವೆದು, ‘ಷ’ ‘ಚ’ಗಳಿಗೆ ಸಮೀಪವಾದ ಉಚ್ಚಾರಣೆಯನ್ನು ಹೊಂದಿತು. 1066ರಲ್ಲಿ ನಾರ್ಮಂಡಿಯ ದೊರೆಯಾದ ವಿಲಿಯಮನು ಇಂಗ್ಲೆಂಡನ್ನು ಜಯಿಸಿದ ಮೇಲೆ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ಮಾತು ನಡೆಯಿತು. ಹೀಗೆ ಬಂದ ನೂರಾರು ಮಾತುಗಳೊಂದಿಗೆ ‘ಚಾರ್ಜು’ ಎಂಬದೂ ಇಂಗ್ಲಿಷರ ಪಾಲಾಯಿತು.

ಅದೇ ಬೇರಿನಿಂದ ಹುಟ್ಟಿದ ಒಡಹುಟ್ಟುಗಳು ಇನ್ನೂ ಇವೆ. ನಾವು ರಸ್ತೆಯಲ್ಲಿ ನೋಡುವ ‘ಕಾರು’ ಆ ಬಂಡಿಯ ಹೆಸರೇ. ಹೊತ್ತುಕೊಂಡು ಹೋಗುವದಕ್ಕೆ ಇಂಗ್ಲಿಷರು ಹೇಳುವ ‘ಕ್ಯಾರಿ’ಯೂ ಹಡಗಿನ ಸರಕಿಗೆ ಹೇಳುವ ‘ಕಾರ್ಗೋ’ ಎಂಬದೂ ಅದೇ ಕುಟುಂಬಕ್ಕೆ ಸೇರಿದವು.

ಆದದರಿಂದ ಈ ಮಾತಿನ ಮೂಲಾರ್ಥವು ಹೊರೆ ಎಂಬದೇ. ಹೊರೆಯನ್ನು ಹೊರಿಸುವದು, ತುಂಬಿಸುವದು, ಹೇರುವದು. ಈ ಒಂದನ್ನು ಜ್ಞಾಪಕದಲ್ಲಿ ಇಟ್ಟುಕೊಳ್ಳಿರಿ. ಮುಂದೆ ಹೇಳುವ ಅರ್ಥಗಳೆಲ್ಲಾ ಒಂದೇ ಬಂಡಿಯ ಹಿಂದೆ ಸಾಲಾಗಿ ಬರುವವು.

ಇದು ಇಂಗ್ಲಿಷರ ವಿಚಿತ್ರ ಪದ್ಧತಿಯೆಂದು ನೆನಸಬೇಡಿರಿ. ನಮ್ಮ ಕನ್ನಡವೂ ಹೀಗೆಯೇ ಮಾಡಿದೆ. ಹುಲ್ಲಿನ ಹೊರೆಯನ್ನು ಹೊರುವವನು ಸಾಲವನ್ನು ಹೊರುತ್ತಾನೆ, ಹೊಣೆಯನ್ನು ಹೊರುತ್ತಾನೆ, ಕಳ್ಳತನದ ತಪ್ಪನ್ನು ಮತ್ತೊಬ್ಬನ ಮೇಲೆ ಹೊರಿಸುತ್ತಾನೆ. ತಲೆಯ ಮೇಲೆ ಕಾಣುವ ಹೊರೆಯಿಂದ ಮನಸ್ಸಿನ ಮೇಲೆ ಕಾಣದ ಹೊರೆಗೆ ಮಾತು ದಾಟಿಹೋಗುವದು ಎಲ್ಲಾ ಭಾಷೆಗಳಲ್ಲಿಯೂ ಉಂಟು.

2. ಹಣದ ಚಾರ್ಜು

ಒಬ್ಬನು ನಮಗಾಗಿ ಒಂದು ಕೆಲಸ ಮಾಡಿದರೆ ಅದರ ವೆಚ್ಚವನ್ನು ನಮ್ಮ ಲೆಕ್ಕದ ಮೇಲೆ ಹೇರುತ್ತಾನೆ. ಇದೇ ಹಣದ ಚಾರ್ಜು. ಬಸ್ಸಿನ ಚಾರ್ಜು, ಕೂಲಿಯ ಚಾರ್ಜು, ಬ್ಯಾಂಕಿನ ಸರ್ವಿಸ್ ಚಾರ್ಜು, ಇವೆಲ್ಲಾ ಈ ವರ್ಗಕ್ಕೆ ಸೇರಿದವು. ‘ಫ್ರೀ ಆಫ್ ಚಾರ್ಜ್’ ಅಂದರೆ ಈ ಹೊರೆ ಇಲ್ಲದ್ದು, ಧರ್ಮಾರ್ಥವಾದದ್ದು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಸ್ತ್ರೀಯರಿಗಾಗಿ ಆರಂಭವಾದ ‘ಶಕ್ತಿ’ ಎಂಬ ಯೋಜನೆಯಲ್ಲಿ ಸರಕಾರೀ ಬಸ್ಸಿನ ಕಂಡಕ್ಟರನು ಸ್ತ್ರೀಯರಿಗೆ ಶೂನ್ಯ ಮೊತ್ತದ ಟಿಕೇಟನ್ನು ಹರಿದುಕೊಟ್ಟದ್ದು ಇದಕ್ಕೆ ಉದಾಹರಣೆ.

ಇಲ್ಲಿ ಒಂದು ಭೇದವನ್ನು ತಪ್ಪದೆ ತಿಳಿಯಬೇಕು. ಬಡ್ಡಿಯು ಚಾರ್ಜಲ್ಲ. ಸಾಲದ ಹಣವು ನಮ್ಮ ಕೈಯಲ್ಲಿ ಇದ್ದಷ್ಟು ಕಾಲಕ್ಕೆ ಕೊಡುವಂಥಾದ್ದು ಬಡ್ಡಿ. ಕಾಗದಗಳನ್ನು ಸಿದ್ಧಮಾಡಿದ್ದು, ವಿಚಾರಣೆ ಮಾಡಿದ್ದು ಮುಂತಾದ ಕೆಲಸಗಳಿಗೆ ಬೇರೆಯಾಗಿ ಕೊಡುವಂಥಾದ್ದು ಚಾರ್ಜು. ಒಬ್ಬನು ಒಂದು ವರುಷಕ್ಕೆ 10,000 ರೂಪಾಯಿ ಸಾಲವನ್ನು ನೂರಕ್ಕೆ 12ರ ಬಡ್ಡಿಯಂತೆ ತೆಗೆದುಕೊಂಡನೆನ್ನಿರಿ. ಬಡ್ಡಿ 1,200 ರೂಪಾಯಿ. ಆದರೆ ಸಾಲ ಕೊಡುವಾಗಲೇ ಚಾರ್ಜೆಂದು 300 ರೂಪಾಯಿ ಹಿಡಿದುಕೊಂಡರೆ ಅವನ ಕೈಗೆ ಬಂದದ್ದು 9,700 ಮಾತ್ರ. ವರುಷದ ಕೊನೆಗೆ ಅವನು ಕಟ್ಟುವದು 11,200. ಹೀಗೆ 9,700ಕ್ಕೆ 1,500 ರೂಪಾಯಿ ಹೆಚ್ಚಾಗಿ ಕೊಟ್ಟಂತಾಯಿತು. ನೂರಕ್ಕೆ 12 ಎಂದು ಕೇಳಿದ್ದವನ ಮೇಲೆ ನಿಜವಾಗಿ ನೂರಕ್ಕೆ 15ಕ್ಕಿಂತ ಹೆಚ್ಚಿನ ಹೊರೆ ಬಿತ್ತು.

ಈ ಕಾರಣದಿಂದಲೇ ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಒಂದು ಆಜ್ಞೆಯನ್ನು ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಜನಸಾಮಾನ್ಯರಿಗೆ ಕೊಡುವ ಹೊಸ ಸಾಲಗಳಲ್ಲಿ ಬ್ಯಾಂಕು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅಂದರೆ ಮುಖ್ಯ ಸಂಗತಿಗಳ ಪತ್ರವನ್ನು ಕೊಡಬೇಕು. ಸಾಲಗಾರನು ತಿಳಿಯುವ ಭಾಷೆಯಲ್ಲಿ ಅದು ಬರೆಯಲ್ಪಟ್ಟಿರಬೇಕು. ಬಡ್ಡಿಯೂ ಚಾರ್ಜುಗಳೂ ಸೇರಿ ವರುಷಕ್ಕೆ ನೂರಕ್ಕೆ ಎಷ್ಟಾಗುವದೆಂಬದನ್ನು ಅದರಲ್ಲಿ ತೋರಿಸಬೇಕು. ಆ ಪತ್ರದಲ್ಲಿ ಕಾಣದ ಚಾರ್ಜನ್ನು ಸಾಲಗಾರನ ಸ್ಪಷ್ಟವಾದ ಒಪ್ಪಿಗೆ ಇಲ್ಲದೆ ಆಮೇಲೆ ಹೇರಕೂಡದು. ಆದದರಿಂದ ರುಜು ಹಾಕುವದಕ್ಕೆ ಮುಂಚೆ, “ಈ ಪತ್ರವನ್ನು ಕನ್ನಡದಲ್ಲಿ ಕೊಡಿರಿ” ಎಂದು ಕೇಳುವದರಲ್ಲಿ ನಾಚಿಕೆ ಏನೂ ಇಲ್ಲ.

3. ಭೂಮಿಯ ಮೇಲಣ ಚಾರ್ಜು

ಮನುಷ್ಯನ ಮೇಲೆ ಹೊರೆ ಇರುವಂತೆ ಹೊಲಗದ್ದೆಗಳ ಮೇಲೆಯೂ ಹೊರೆ ಇರಬಹುದು. ಒಬ್ಬನ ಸ್ಥಿರಾಸ್ತಿಯು ಇನ್ನೊಬ್ಬನಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ಮಾಡಲ್ಪಟ್ಟು, ಅದು ಅಡಮಾನದ ರೂಪವನ್ನು ಹೊಂದದೆ ಇದ್ದರೆ ಅದನ್ನು ‘ಚಾರ್ಜು’ ಅನ್ನುತ್ತಾರೆ. 1882ರ ಆಸ್ತಿ ಹಸ್ತಾಂತರ ಕಾಯಿದೆಯ 100ನೇ ಕಲಮು ಇದನ್ನು ವಿವರಿಸುತ್ತದೆ. ಉಭಯ ಪಕ್ಷದವರ ಒಪ್ಪಂದದಿಂದಲೂ ಕಾಯಿದೆಯ ಬಲದಿಂದಲೂ ಇಂಥ ಚಾರ್ಜು ಉಂಟಾಗಬಹುದು.

ಈ ಚಾರ್ಜು ಕಣ್ಣಿಗೆ ಕಾಣುವಂಥಾದ್ದಲ್ಲ. ಹೊಲದಲ್ಲಿ ನಿಂತು ನೋಡಿದರೆ ರಾಗಿಯ ತೆನೆ ಕಾಣುವದೇ ಹೊರತು ಸಾಲವು ಕಾಣಲಾರದು. ಅದನ್ನು ಕಾಗದದಲ್ಲಿಯೇ ಹುಡುಕಬೇಕು. ಪಹಣಿಯಲ್ಲಿ ಹಕ್ಕುಗಳನ್ನೂ ಋಣಗಳನ್ನೂ ಬರೆಯುವ ಸ್ಥಳವುಂಟು. ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಋಣಭಾರ ಪತ್ರ ದೊರೆಯುತ್ತದೆ. ಅದನ್ನು ಜನರು ಈಸಿ ಎಂದು ಕರೆಯುತ್ತಾರೆ. ಋಣಭಾರ ಎಂಬ ಕನ್ನಡದ ಮಾತನ್ನೇ ನೋಡಿರಿ. ನಮ್ಮವರು ಸಹ ಸಾಲವನ್ನು ಭಾರವೆಂದೇ ಕರೆದರು. ಭೂಮಿಯನ್ನು ಕೊಂಡುಕೊಳ್ಳುವವನು ಈ ಎರಡನ್ನೂ ನೋಡದೆ ಮುಂಗಡ ಕೊಡುವದು ಬುದ್ಧಿವಂತಿಕೆಯಲ್ಲ. ಯಾಕಂದರೆ ಭೂಮಿಯೊಂದಿಗೆ ಅದರ ಹೊರೆಯೂ ಅವನಿಗೆ ಬಂದೀತು.

4. ಕೆಲಸದ ಚಾರ್ಜು

ಒಬ್ಬ ಅಧಿಕಾರಿಯು ವರ್ಗವಾಗಿ ಹೋಗುವಾಗ ಕಚೇರಿಯ ಲೆಕ್ಕಗಳನ್ನೂ ಬೀಗದ ಕೈಗಳನ್ನೂ ಇನ್ನೊಬ್ಬನಿಗೆ ಒಪ್ಪಿಸುತ್ತಾನೆ. ಇವನು ಚಾರ್ಜು ಕೊಟ್ಟನು. ಅವನು ಚಾರ್ಜು ವಹಿಸಿಕೊಂಡನು. ಇಲ್ಲಿ ಹೊರೆ ಎಂಬದು ಹೊಣೆ. ಕನ್ನಡದಲ್ಲಿ ‘ಇನ್‌ಚಾರ್ಜ್’ ಎಂಬದಕ್ಕೆ ‘ಪ್ರಭಾರ’ ಎಂದು ಬರೆಯುತ್ತಾರೆ. ಅದರಲ್ಲಿಯೂ ಭಾರ ಎಂಬ ಮಾತೇ ಅಡಗಿದೆ. ‘ಕಾರ್ಯಭಾರ’ ಎಂಬದೂ ಹಾಗೆಯೇ.

ಇಂಗ್ಲಿಷು ಕಲಿಯುವ ನಮ್ಮ ಮಕ್ಕಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದಾದಿಯು ಮಗುವಿನ ‘ಇನ್ ಚಾರ್ಜ್ ಆಫ್’ ಇದ್ದಾಳೆ ಅಂದರೆ ದಾದಿಯು ಮಗುವನ್ನು ನೋಡಿಕೊಳ್ಳುತ್ತಾಳೆ. ಮಗುವು ದಾದಿಯ ‘ಇನ್ ದ ಚಾರ್ಜ್ ಆಫ್’ ಇದೆ ಅಂದರೆ ಮಗುವು ಅವಳ ವಶದಲ್ಲಿದೆ. ನಡುವೆ ‘ದ’ ಎಂಬ ಒಂದು ಚಿಕ್ಕ ಅಕ್ಷರ ಸೇರಿತು. ಅಷ್ಟರಿಂದ ಹೊರುವವರು ಯಾರು, ಹೊರಲ್ಪಡುವವರು ಯಾರು ಎಂಬದು ತಿರುಗಿಹೋಯಿತು. ಪರೀಕ್ಷೆಯಲ್ಲಿ ಅನೇಕರು ಎಡವುವದು ಇಲ್ಲಿಯೇ. ಇದಲ್ಲದೆ ಆ ಮಗುವನ್ನೇ ದಾದಿಯ ‘ಚಾರ್ಜು’ ಎಂದು ಕರೆಯುವ ವಾಡಿಕೆಯೂ ಉಂಟು. ದೇವಸಭೆಯ ಬೋಧಕರಿಗೆ ಒಪ್ಪಿಸಲ್ಪಟ್ಟ ಸಭೆಗೂ ಇದೇ ಹೆಸರು ಸಲ್ಲುತ್ತದೆ. ಗಂಭೀರವಾದ ಅಪ್ಪಣೆಗೂ, ಬಿಷಪರು ಬೋಧಕರಿಗೆ ಕೊಡುವ ಬುದ್ಧಿವಾದಕ್ಕೂ ‘ಚಾರ್ಜು’ ಎಂದೇ ಹೆಸರು. ಹೇಗಂದರೆ ಅಪ್ಪಣೆಯು ಕೇಳುವವನ ಮನಸ್ಸಿನ ಮೇಲೆ ಇಡುವ ಹೊರೆಯಾಗಿದೆ.

5. ಕೋವಿ, ಕುದುರೆ, ಲಾಠಿ

ಹಳೇ ಕಾಲದ ಕೋವಿಗೆ ಪ್ರತಿಯೊಂದು ಸಾರಿಯೂ ಬಾಯಿಯ ಕಡೆಯಿಂದ ಮದ್ದನ್ನು ತುಂಬಬೇಕಾಗಿತ್ತು. ಒಂದು ಹೊಡೆತಕ್ಕೆ ಬೇಕಾದ ಮದ್ದಿನ ಅಳತೆಗೆ ‘ಚಾರ್ಜು’ ಎಂದು ಹೆಸರಾಯಿತು. ಬಂಡಿಗೆ ಸರಕು ತುಂಬುವಂತೆ ಕೋವಿಗೆ ಮದ್ದು ತುಂಬುವದು.

ಯುದ್ಧದಲ್ಲಿ ಕುದುರೆಯ ದಂಡು ತನ್ನ ಭಾರವನ್ನೆಲ್ಲಾ ಮುಂದಕ್ಕೆ ಹಾಕಿ ವೈರಿಯ ಮೇಲೆ ಬೀಳುವದಕ್ಕೂ ಇದೇ ಮಾತು. 1854ರ ಅಕ್ಟೋಬರ್ 25ರಂದು ಕ್ರಿಮಿಯ ದೇಶದ ಬಾಲಕ್ಲಾವದಲ್ಲಿ ಇಂಗ್ಲಿಷರ ಸುಮಾರು 670 ಮಂದಿ ರಾವುತರು ರಷ್ಯದವರ ಫಿರಂಗಿಗಳ ಎದುರಿಗೆ ಹೀಗೆ ನುಗ್ಗಿದರು. ಆ ದಿನದ ಕಥೆಯಲ್ಲಿ ಭಾಷೆಯನ್ನು ಕಲಿಯುವವರಿಗೆ ಒಂದು ಪಾಠವಿದೆ. ಸೇನಾಪತಿಯು ಬರೆದು ಕಳುಹಿಸಿದ ಆಜ್ಞೆಯಲ್ಲಿ ಯಾವ ಫಿರಂಗಿಗಳೆಂಬದು ಸ್ಪಷ್ಟವಾಗಿರಲಿಲ್ಲ. ಗುಡ್ಡದ ಮೇಲೆ ಇದ್ದ ಅವನಿಗೆ ಕಾಣುತ್ತಿದ್ದ ಫಿರಂಗಿಗಳು ಬೇರೆ, ಕಣಿವೆಯಲ್ಲಿದ್ದವರಿಗೆ ಕಂಡವುಗಳು ಬೇರೆ. ಮಾತು ಅಸ್ಪಷ್ಟವಾದದರಿಂದ ದಂಡು ತಪ್ಪಾದ ದಿಕ್ಕಿಗೆ ಹೋಯಿತು. ನೂರಕ್ಕಿಂತ ಹೆಚ್ಚು ಮಂದಿ ಸತ್ತರು.

ನಮ್ಮ ದೇಶದಲ್ಲಿ ಗುಂಪನ್ನು ಚದರಿಸುವದಕ್ಕೆ ಪೊಲೀಸರು ಲಾಠಿಗಳನ್ನು ಹಿಡಿದು ನುಗ್ಗುವದಕ್ಕೆ ‘ಲಾಠಿ ಚಾರ್ಜು’ ಎಂಬ ಹೆಸರು ಬಂದದ್ದು ಈ ಅರ್ಥದಿಂದಲೇ. 1928ರ ಅಕ್ಟೋಬರ್ 30ರಂದು ಲಾಹೋರಿನಲ್ಲಿ ಸೈಮನ್ ಕಮಿಷನಿಗೆ ವಿರೋಧವಾಗಿ ಮೆರವಣಿಗೆ ನಡಿಸಿದ ಲಾಲಾ ಲಜಪತರಾಯರು ಇಂಥ ಲಾಠಿ ಚಾರ್ಜಿನಲ್ಲಿ ಗಾಯಪಟ್ಟು, ನವೆಂಬರ್ 17ರಂದು ತೀರಿಹೋದರು.

6. ವಿದ್ಯುತ್ತಿನ ಚಾರ್ಜು

ಹದಿನೆಂಟನೇ ಶತಮಾನದ ವಿದ್ವಾಂಸರು ಗಾಜನ್ನು ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಕೂಡಿಸಿಡುವದಕ್ಕೆ ಒಂದು ಉಪಾಯವನ್ನು ಕಂಡುಹಿಡಿದರು. ಅದು ಗಾಜಿನ ಜಾಡಿ. ಹಾಲೆಂಡಿನ ಲೇಡನ್ ಪಟ್ಟಣದ ಹೆಸರಿನಿಂದ ಅದನ್ನು ಲೇಡನ್ ಜಾಡಿ ಎಂದು ಕರೆದರು. 1740ರ ದಶಕದ ಕೊನೆಯಲ್ಲಿ ಅಮೇರಿಕದ ಬೆಂಜಮಿನ್ ಫ್ರಾಂಕ್ಲಿನನು ಈ ಜಾಡಿಯನ್ನು ಪರೀಕ್ಷಿಸಿದನು. ಕೋವಿಗೆ ಮದ್ದು ತುಂಬುವಂತೆ ಜಾಡಿಗೆ ವಿದ್ಯುತ್ತು ತುಂಬುವದಕ್ಕೆ ‘ಚಾರ್ಜು’ ಎಂಬ ಮಾತು ಆಗ ಸಲೀಸಾಗಿ ಸಲ್ಲಿತು. ಒಂದು ಸಾಲಿನ ಫಿರಂಗಿಗಳಿಗೆ ಇದ್ದ ‘ಬ್ಯಾಟರಿ’ ಎಂಬ ಹೆಸರನ್ನು ಒಟ್ಟಿಗೆ ಜೋಡಿಸಿದ ಜಾಡಿಗಳಿಗೆ ಕೊಟ್ಟವನೂ ಅವನೇ. ವಿದ್ಯುತ್ತಿನಲ್ಲಿ ಹೆಚ್ಚು, ಕಡಿಮೆ ಎಂಬ ಎರಡು ಸ್ಥಿತಿಗಳಿಗೆ ಅವನು ಕೂಡಿಸುವ ಕಳೆಯುವ ಗುರುತುಗಳನ್ನು ಉಪಯೋಗಿಸಿದನು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇವನ್ನು ಧನ ವಿದ್ಯುದಾವೇಶ, ಋಣ ವಿದ್ಯುದಾವೇಶ ಎಂದು ಬರೆದಿದ್ದಾರೆ. ಧನವು ಐಶ್ವರ್ಯ, ಋಣವು ಸಾಲ. ಹೀಗೆ ಲೆಕ್ಕದ ಪುಸ್ತಕದ ಮಾತುಗಳೇ ಇಲ್ಲಿಯೂ ಬಂದವು.

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬವನು ಸೀಸದ ತಗಡುಗಳಿಂದ ಪುನಃ ಪುನಃ ತುಂಬಬಹುದಾದ ಬ್ಯಾಟರಿಯನ್ನು ಮಾಡಿದನು. ಟ್ರಾಕ್ಟರಿನ ಬ್ಯಾಟರಿಯು ಅದರ ಸಂತತಿಯೇ. ಮೊಬೈಲಿನಲ್ಲಿ ಇರುವದು ಲಿಥಿಯಮ್ ಬ್ಯಾಟರಿ. ಅದನ್ನು ಚಾರ್ಜಿಗೆ ಇಟ್ಟಾಗ ಹೊರಗಿನಿಂದ ಯಾವ ಸರಕೂ ಒಳಗೆ ಬಂದು ತುಂಬುವದಿಲ್ಲ. ಒಳಗೆ ಇರುವ ಲಿಥಿಯಮಿನ ಅತಿ ಸೂಕ್ಷ್ಮ ಕಣಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತವೆ. ಉಪಯೋಗಿಸುವಾಗ ತಿರುಗಿ ಬರುತ್ತವೆ. ಮಾತು ಹಳೇದು, ಸಂಗತಿ ಹೊಸದು.

‘ರೀಚಾರ್ಜು’ ಅಂದರೆ ತಿರುಗಿ ತುಂಬುವದು. “ಮೊಬೈಲಿಗೆ ರೀಚಾರ್ಜು ಮಾಡಿಸು” ಎಂದು ತಂದೆಯು ಹೇಳಿದರೆ ಅಂಗಡಿಯಲ್ಲಿ ಹಣ ಕಟ್ಟಬೇಕೆಂದು ಅಭಿಪ್ರಾಯ; “ಚಾರ್ಜಿಗೆ ಇಡು” ಎಂದು ಹೇಳಿದರೆ ವಿದ್ಯುತ್ತಿಗೆ ಜೋಡಿಸಬೇಕೆಂದು ಅಭಿಪ್ರಾಯ. ಕೊಳವೆಬಾವಿಯ ರೀಚಾರ್ಜು ಇವೆರಡೂ ಅಲ್ಲ. ಮಳೆಯ ನೀರನ್ನು ಇಂಗುಗುಂಡಿಯ ಮೂಲಕ ಭೂಮಿಯೊಳಗೆ ಇಳಿಸಿ, ಬತ್ತಿದ ಜಲವನ್ನು ತಿರುಗಿ ತುಂಬಿಸುವದು.

7. ಆಪಾದನೆಯ ಚಾರ್ಜು

ಈಗ ಎಲ್ಲಕ್ಕಿಂತ ಭಾರವಾದ ಅರ್ಥಕ್ಕೆ ಬಂದೆವು. ಒಬ್ಬನು ಇಂಥಾ ಅಪರಾಧ ಮಾಡಿದನೆಂದು ಹೇಳುವದಕ್ಕೆ ಇಂಗ್ಲಿಷರು ಅವನ ಮೇಲೆ ಚಾರ್ಜು ಇಟ್ಟರು ಅನ್ನುವರು. ನಾವು ತಪ್ಪು ಹೊರಿಸಿದರು ಅನ್ನುತ್ತೇವೆ. ‘ಆರೋಪ’ ಎಂಬ ಸಂಸ್ಕೃತದ ಮಾತಿನ ಅರ್ಥವೂ ಮೇಲೆ ಇಡುವದು, ಏರಿಸುವದು ಎಂಬದೇ. ಮೂರು ಭಾಷೆಗಳೂ ಒಂದೇ ಮಾತನ್ನು ಸಾಕ್ಷಿ ಹೇಳುತ್ತವೆ. ಅದೇನಂದರೆ, ಆಪಾದನೆಯು ಇನ್ನೊಬ್ಬರು ತಂದು ಮೇಲೆ ಇಟ್ಟ ಹೊರೆ. ಅದು ಅವನದೇ ಹೌದೋ ಅಲ್ಲವೋ ಎಂಬದು ಇನ್ನೂ ತಿಳಿಯಬೇಕಾದದ್ದು.

ನಮ್ಮ ದೇಶದ ಕ್ರಮವು ಹೀಗಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು 2024ರ ಜುಲೈ 1ರಿಂದ ಜಾರಿಗೆ ಬಂತು. ಮೊದಲು ದೂರು ದಾಖಲಾಗುತ್ತದೆ. ಆಮೇಲೆ ಪೊಲೀಸರು ತನಿಖೆ ಮಾಡುತ್ತಾರೆ. ತನಿಖೆ ಮುಗಿದ ಮೇಲೆ ನ್ಯಾಯಾಲಯಕ್ಕೆ ಒಂದು ವರದಿಯನ್ನು ಒಪ್ಪಿಸುತ್ತಾರೆ. ಆಪಾದಿತನ ಮೇಲೆ ಮೊಕದ್ದಮೆ ನಡಿಸಬೇಕೆಂದು ಹೇಳುವ ಈ ವರದಿಗೆ ಜನರು ‘ಚಾರ್ಜ್ ಶೀಟು’ ಅನ್ನುತ್ತಾರೆ. ಅದು ಪೊಲೀಸರ ಮಾತು, ನ್ಯಾಯಾಧೀಶರ ಮಾತಲ್ಲ. ನ್ಯಾಯಾಧೀಶರು ಅದನ್ನು ಪರಿಶೀಲಿಸಿ, ಮುಂದುವರಿಸುವದಕ್ಕೆ ಆಧಾರವಿಲ್ಲವೆಂದು ಕಂಡರೆ ಅಲ್ಲಿಯೇ ಆ ಹೊರೆಯನ್ನು ಇಳಿಸಿಬಿಡಬಹುದು. ಆಧಾರವಿದೆಯೆಂದು ಕಂಡರೆ ತಾವೇ ದೋಷಾರೋಪಣೆಯನ್ನು ಬರೆಯುತ್ತಾರೆ. ಅದು ನ್ಯಾಯಾಲಯದ ಭಾಷೆಯಲ್ಲಿ ಬರೆಯಲ್ಪಡಬೇಕು. ಆಪಾದಿತನಿಗೆ ಓದಿ ವಿವರಿಸಲ್ಪಡಬೇಕು. ತಪ್ಪನ್ನು ಒಪ್ಪುವನೋ ವಿಚಾರಣೆಯನ್ನು ಬಯಸುವನೋ ಎಂದು ಅವನನ್ನು ಕೇಳಬೇಕು. ಆಮೇಲೆ ಸಾಕ್ಷಿ, ಅದರ ಮೇಲೆ ವಾದ, ಕಡೆಗೆ ತೀರ್ಪು.

ನೋಡಿರಿ, ಚಾರ್ಜ್ ಶೀಟಿನಿಂದ ತೀರ್ಪಿನ ತನಕ ಎಷ್ಟು ಮೆಟ್ಟಲುಗಳಿವೆ! ಆದರೆ ಊರಿನಲ್ಲಿ ಏನಾಗುವದು? ಮೊದಲನೇ ಮೆಟ್ಟಲಿನ ಸುದ್ದಿ ಬಂದ ದಿನವೇ ಬಾವಿಯ ಕಟ್ಟೆಯ ಮೇಲೆ ತೀರ್ಪು ಮುಗಿದುಹೋಗುವದು. ಆ ಮನೆಯವರಿಗೆ ಮದುವೆಯ ಕರೆ ಇಲ್ಲ. ಅಂಗಡಿಯಲ್ಲಿ ಉದ್ರಿ ಇಲ್ಲ. ಮಕ್ಕಳಿಗೆ ಶಾಲೆಯಲ್ಲಿ ಅಡ್ಡ ಹೆಸರು. ಮುಂದೆ ನ್ಯಾಯಾಲಯವು ಅವನನ್ನು ನಿರಪರಾಧಿಯೆಂದು ಬಿಟ್ಟರೂ ಊರು ಹೇರಿದ ಹೊರೆಯನ್ನು ಇಳಿಸುವವರು ಯಾರು? ಅದಕ್ಕೆ ಯಾವ ಕಚೇರಿಯಲ್ಲಿಯೂ ಅರ್ಜಿ ಹಾಕುವ ಉಪಾಯವಿಲ್ಲ.

ವಕೀಲರನ್ನು ಹಿಡಿಯುವ ಶಕ್ತಿ ಇಲ್ಲದವರು ಧೈರ್ಯಗೆಡಬೇಡಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಅಲ್ಪ ಆದಾಯದವರು ಮುಂತಾದವರಿಗೆ ವಕೀಲರ ಸಹಾಯವು ಹಣವಿಲ್ಲದೆ ದೊರೆಯತಕ್ಕದ್ದು. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಕೇಳಬೇಕು.

8. ಹೊರೆ ಇಳಿಸುವದು, ಅಂದರೆ ಡಿಸ್ಚಾರ್ಜು

‘ಡಿಸ್’ ಎಂಬ ಅಕ್ಷರಗಳು ಮುಂದೆ ಸೇರಿದರೆ ಹೊರೆ ಇಳಿಯಿತೆಂದು ತಿಳಿಯಿರಿ. ರೋಗಿಯನ್ನು ಆಸ್ಪತ್ರೆಯು ತನ್ನ ಹೊಣೆಯಿಂದ ಇಳಿಸಿ ಮನೆಗೆ ಕಳುಹಿಸುವದು ಡಿಸ್ಚಾರ್ಜು. ಕೋವಿಯನ್ನು ಹೊಡೆದು ಮದ್ದನ್ನು ಕಳೆಯುವದು ಡಿಸ್ಚಾರ್ಜು. ಬ್ಯಾಟರಿ ಬರಿದಾಗುವದು ಡಿಸ್ಚಾರ್ಜು. ಅಣೆಕಟ್ಟಿನಿಂದ ನದಿಗೆ ನೀರು ಬಿಡುವದೂ ಡಿಸ್ಚಾರ್ಜೇ. ಅದನ್ನು ಕ್ಯೂಸೆಕ್ಕಿನಲ್ಲಿ ಅಳೆಯುತ್ತಾರೆ. ಒಂದು ಕ್ಯೂಸೆಕ್ಕು ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು ನೀರು. ಸಾಲ ತೀರುವದೂ ಸಾಲದಿಂದ ಡಿಸ್ಚಾರ್ಜು. ವಿಚಾರಣೆಗೆ ಆಧಾರವಿಲ್ಲವೆಂದು ನ್ಯಾಯಾಲಯವು ಆರಂಭದಲ್ಲಿಯೇ ಬಿಟ್ಟುಬಿಡುವದು ಸಹ ಡಿಸ್ಚಾರ್ಜು. ವಿಚಾರಣೆ ಪೂರ್ಣವಾದ ಮೇಲೆ ನಿರಪರಾಧಿಯೆಂದು ಬಿಡುವದಕ್ಕೆ ಬೇರೆ ಹೆಸರಿದೆ. ಅದನ್ನು ಕನ್ನಡದಲ್ಲಿ ಖುಲಾಸೆ ಅನ್ನುತ್ತೇವೆ.

ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಒಬ್ಬನು ತನ್ನ ಕರ್ತವ್ಯವನ್ನು ಡಿಸ್ಚಾರ್ಜು ಮಾಡಿದನು ಅಂದರೆ ಅದನ್ನು ಚೆನ್ನಾಗಿ ನೆರವೇರಿಸಿದನು. ಅವನನ್ನು ಕರ್ತವ್ಯದಿಂದ ಡಿಸ್ಚಾರ್ಜು ಮಾಡಿದರು ಅಂದರೆ ಕೆಲಸದಿಂದ ಬಿಡಿಸಿದರು. ಮೊದಲನೆಯದು ಹೊಗಳಿಕೆ, ಎರಡನೆಯದರಿಂದ ಮನೆಯ ಒಲೆ ಆರೀತು.

9. ಸತ್ಯವೇದದ ಇಂಗ್ಲಿಷು ಭಾಷಾಂತರದಲ್ಲಿ

1611ರಲ್ಲಿ ಅಚ್ಚಾದ ಇಂಗ್ಲಿಷು ಸತ್ಯವೇದವನ್ನು ಓದುವ ಯೌವನಸ್ಥರು ಈ ಮಾತನ್ನು ಅನೇಕ ಸ್ಥಳಗಳಲ್ಲಿ ಕಾಣುವರು. ಅರಣ್ಯಕಾಂಡದ 3ನೇ ಅಧ್ಯಾಯದಲ್ಲಿ ಲೇವಿಯರಿಗೆ ಒಪ್ಪಿಸಿದ ಗುಡಾರದ ಹೊಣೆಯು ‘ಚಾರ್ಜು’. ಒಂದನೇ ಕೊರಿಂಥದ 9ನೇ ಅಧ್ಯಾಯದಲ್ಲಿ ಪೌಲನು ಕೇಳುವವರ ಮೇಲೆ ಹಾಕದೆ ಬಿಟ್ಟ ವೆಚ್ಚವೂ ‘ಚಾರ್ಜು’. ಅಪೊಸ್ತಲರ ಕೃತ್ಯಗಳ 7ನೇ ಅಧ್ಯಾಯದ ಕೊನೆಯಲ್ಲಿ ಸ್ತೆಫನನು ತನ್ನನ್ನು ಕೊಲ್ಲುವವರ ಲೆಕ್ಕಕ್ಕೆ ಸೇರಿಸಬಾರದೆಂದು ಬೇಡಿಕೊಂಡ ಪಾಪವೂ ಇದೇ ಮಾತಿನಿಂದ ಸೂಚಿಸಲ್ಪಟ್ಟಿದೆ. ಹೊಣೆ, ವೆಚ್ಚ, ಅಪರಾಧ ಎಂಬ ಮೂರು ಅರ್ಥಗಳು ಒಂದೇ ಗ್ರಂಥದಲ್ಲಿ ದೊರೆತವು. ಮೂರನ್ನೂ ಹಣವೆಂದು ಓದುವವನಿಗೆ ಒಂದೂ ತಿಳಿಯದು.

10. ಅರ್ಥವನ್ನು ತಿಳಿಯುವ ಬಗೆ

ಹಾಗಾದರೆ ಕಾಗದದಲ್ಲಿ ಈ ಮಾತು ಕಂಡಾಗ ಯಾವ ಅರ್ಥವೆಂದು ಹೇಗೆ ಗೊತ್ತು ಮಾಡುವದು? ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಹೊರೆಯನ್ನು ಇಡುವವರು ಯಾರು? ಯಾರ ಮೇಲೆ ಅಥವಾ ಯಾವದರ ಮೇಲೆ ಇಡುತ್ತಾರೆ? ಆ ಹೊರೆ ಏನು? ಅದು ಇಳಿಯುವದು ಹೇಗೆ? ಇಡುವವನು ಬ್ಯಾಂಕಿನವನು, ಹೊರೆ ಹಣ, ಕಟ್ಟಿದರೆ ಇಳಿಯುವದು, ಇದು ವೆಚ್ಚ. ಹೊರೆ ಹೊಲದ ಮೇಲಿದೆ, ಸಾಲ ತೀರಿದರೆ ಇಳಿಯುವದು, ಇದು ಋಣಭಾರ. ಹೊರೆ ಮನುಷ್ಯನ ಮೇಲಿದೆ, ನ್ಯಾಯಾಲಯವು ಮಾತ್ರ ಇಳಿಸಬಲ್ಲದು, ಇದು ಆಪಾದನೆ.

ಎರಡನೆಯದಾಗಿ, ಮಾತನ್ನು ಒಂಟಿಯಾಗಿ ನೋಡಬೇಡಿರಿ. ಅದರ ನೆರೆಯವರನ್ನು ನೋಡಿರಿ. ‘ಸರ್ವಿಸ್’ ಎಂಬದರ ಪಕ್ಕದಲ್ಲಿದ್ದರೆ ಹಣ, ‘ಶೀಟು’ ಪಕ್ಕದಲ್ಲಿದ್ದರೆ ಆಪಾದನೆ, ‘ಇನ್’ ಪಕ್ಕದಲ್ಲಿದ್ದರೆ ಹೊಣೆ. ಮನುಷ್ಯನನ್ನು ಅವನ ಸಂಗಡಿಗರಿಂದ ತಿಳಿಯುವಂತೆ ಮಾತನ್ನೂ ತಿಳಿಯಬೇಕು. ಮೂರನೆಯದಾಗಿ, ನಿಘಂಟಿನಲ್ಲಿ ಮೊದಲನೇ ಅರ್ಥವನ್ನು ನೋಡಿ ಪುಸ್ತಕವನ್ನು ಮುಚ್ಚಬೇಡಿರಿ. ಕಡೆಯ ತನಕ ಓದಿ, ವಾಕ್ಯಕ್ಕೆ ಒಪ್ಪುವದನ್ನು ಆರಿಸಿರಿ.

ಈಗ ಆ ರೈತನ ಕಡೆಗೆ ತಿರುಗುವ. ಮಾಸ್ತರರು ಮೂರು ಕಾಗದಗಳನ್ನು ಮೂರು ಕಡೆಯಲ್ಲಿ ಇಟ್ಟು ಹೇಳುತ್ತಾರೆ:

“ಯಜಮಾನರೇ, ಇದಕ್ಕೆ ಹಣ ಕಟ್ಟಿ ರಸೀದಿ ಇಟ್ಟುಕೊಳ್ಳಿರಿ. ಇದನ್ನು ಪಹಣಿಯೊಂದಿಗೆ ಜೋಪಾನವಾಗಿ ಇಡಿರಿ. ಮೂರನೆಯದಕ್ಕೆ ನಾಳೆ ಇಬ್ಬರೂ ತಾಲೂಕಿಗೆ ಹೋಗುವ. ಅಲ್ಲಿಯ ವರೆಗೆ ಮಗನ ಸಂಗಡ ಮೊದಲಿನಂತೆ ಕೂತು ಊಟಮಾಡಿರಿ. ಅವನ ತಲೆಯ ಮೇಲೆ ಈಗಾಗಲೇ ಒಂದು ಹೊರೆ ಇದೆ. ತಂದೆಯು ಇನ್ನೊಂದನ್ನು ಇಡಬಾರದು.”

ವಾಚಕರೇ, ಒಂದು ಇಂಗ್ಲಿಷು ಮಾತಿನಿಂದ ನಾವು ಕಲಿತದ್ದು ಇದೇ. ಕಾಗದದ ಹೊರೆ ಎಂಥಾದ್ದೆಂದು ತಿಳಿದವನು ಸಲ್ಲದ್ದನ್ನು ಹೊರುವದಿಲ್ಲ. ಆಪಾದನೆಯು ತೀರ್ಪಲ್ಲವೆಂದು ತಿಳಿದವನು ನೆರೆಯವನ ಮೇಲೆ ಸಲ್ಲದ್ದನ್ನು ಹೊರಿಸುವದೂ ಇಲ್ಲ.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(ಮನೆಯಲ್ಲಿಯಾಗಲಿ ಸಾಯಂಕಾಲದ ಪಾಠದಲ್ಲಿಯಾಗಲಿ ಇವನ್ನು ಒಬ್ಬರನ್ನೊಬ್ಬರು ಕೇಳಬಹುದು.)

1. ‘ಚಾರ್ಜು’ ಎಂಬ ಮಾತಿನ ಮೂಲಾರ್ಥವೇನು? ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತುಗಳು ಯಾವವು?

2. ಬಡ್ಡಿಗೂ ಚಾರ್ಜಿಗೂ ಇರುವ ಭೇದವೇನು? 20,000 ರೂಪಾಯಿ ಸಾಲದಲ್ಲಿ 600 ರೂಪಾಯಿ ಚಾರ್ಜನ್ನು ಮೊದಲೇ ಹಿಡಿದುಕೊಂಡರೆ ಕೈಗೆ ಬರುವ ಹಣವೆಷ್ಟು?

3. ಭೂಮಿಯ ಮೇಲೆ ಚಾರ್ಜು ಇದೆಯೋ ಇಲ್ಲವೋ ಎಂದು ಯಾವ ಕಾಗದಗಳಿಂದ ತಿಳಿಯಬಹುದು?

4. ಚಾರ್ಜ್ ಶೀಟನ್ನು ಒಪ್ಪಿಸುವವರು ಯಾರು? ತೀರ್ಪು ಕೊಡುವವರು ಯಾರು? ಇವೆರಡರ ನಡುವೆ ಇರುವ ಮೆಟ್ಟಲುಗಳನ್ನು ಹೇಳಿರಿ.

5. ನಿಮ್ಮ ಊರಿನಲ್ಲಿ ಒಬ್ಬನ ಮೇಲೆ ಆಪಾದನೆ ಬಂದರೆ ತೀರ್ಪಾಗುವ ತನಕ ನೀವು ಅವನ ಮನೆಯವರ ಸಂಗಡ ಹೇಗೆ ನಡೆದುಕೊಳ್ಳುವಿರಿ?